ಹಿಂದಕ್ಕೆ ಈಜುವ ಸಿಗಡಿ

ಜೀವಂತ ಸಿಗಡಿಯನ್ನು ಕಣ್ಣಾರೆ ನೋಡುವ ಮೊದಲೇ ನಾನು ಅದನ್ನು ಮಾಡಲು ಕುಳಿತಿದ್ದೆ. ತೊಂಬತ್ತರ ದಶಕದ ಕೊನೆಯ ಮಾತು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಮನೆಯ ಮಾಳಿಗೆಯ ಮೇಲೆ ನಾವು ಹತ್ತಾರು ಹೆಂಗಸರು ಗಾಳದ ಕೊಕ್ಕೆಗೆ ನೂಲು, ಕೋಳಿಪುಕ್ಕ, ಮೊಲದ ಕೂದಲು ಸುತ್ತಿ ಹುಸಿ ಹುಳಗಳನ್ನು ಕಟ್ಟುತ್ತಿದ್ದೆವು. ಮೀನು ಹಿಡಿಯುವುದನ್ನೇ ಆಟ ಮಾಡಿಕೊಂಡ ಹೊರದೇಶದವರಿಗೆ ಅವು ಹೋಗುತ್ತಿದ್ದವು. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತಾರಂತೆ. ಹೊಟ್ಟೆ ತುಂಬಿದವರ ಹುಚ್ಚು.

ಮಾಳಮಡ್ಡಿಯ ನಮ್ಮ ಮನೆಯಲ್ಲಿ ಲಿಂಗಪೂಜೆಯಾಗದೆ ಯಾರೂ ತುತ್ತು ಮುಟ್ಟುತ್ತಿರಲಿಲ್ಲ. ಪುಕ್ಕ ಮುಟ್ಟಿ ಬಂದವಳು ಹಿತ್ತಲ ಬಚ್ಚಲಲ್ಲಿ ಸ್ನಾನ ಮಾಡಿ, ಸೀರೆ ಬದಲಿಸಿಯೇ ಒಳಗೆ ಬರಬೇಕೆಂದು ಅತ್ತೆಯ ಕಟ್ಟಪ್ಪಣೆ. ಚಳಿಗಾಲದಲ್ಲೂ ವಿನಾಯಿತಿ ಇಲ್ಲ. ನನ್ನ ಸಂಬಳಕ್ಕೆ ಮಾತ್ರ ಸ್ನಾನದ ಹಂಗಿರಲಿಲ್ಲ, ಅದು ನೇರ ದೇವರ ಜಗಲಿಗೆ ಹೋಗುತ್ತಿತ್ತು.

ಒಂದು ಸಲ ಹೊಸ ಬೇಡಿಕೆ ಬಂತು. ಕಡಲಂಚಿನ ಮೊಣಕಾಲುದ್ದದ ತಿಳಿನೀರಿನಲ್ಲಿ ಮೇಯುವ ಮೀನುಗಳಿಗೆ ಸಿಗಡಿಯಂಥದ್ದು ಬೇಕು. "ಯಾರದು ಪಾಸ್ ಆಗತೈತಿ, ಅವರು ಇನ್ನ ಮ್ಯಾಲೆ ಮಾದರಿ ಮೇಜಿಗೆ ಕೂಡ್ರಿ," ಎಂದರು ಮಾಲೀಕರು. ಹೊಸ ಮಾದರಿಗಳನ್ನು ಯೋಚಿಸಿ ಕಟ್ಟುವ ಮೇಜು ಅದು. ಉಳಿದವರು ಕುತ್ತಿಗೆ ಹಿಡಿಯುವವರೆಗೂ ಒಂದನ್ನೇ ಕಟ್ಟುತ್ತಿರಬೇಕು. ಆ ಮೇಜಿಗೆ ಆಸೆಪಟ್ಟಷ್ಟು ನಾನು ಬೇರೆ ಯಾವುದಕ್ಕೂ ಆಸೆಪಟ್ಟವಳಲ್ಲ, ಮದುವೆಯನ್ನೂ ಸೇರಿಸಿ.

ಮುಖಕ್ಕೆ ಸೆರಗು ಎಳೆದುಕೊಂಡು ಪೇಟೆಯಿಂದ ಒಣ ಸಿಗಡಿ ತಂದೆ. ಕಾರ್ಖಾನೆಯಲ್ಲೇ ನೀರಲ್ಲಿ ನೆನೆಸಿ ನೋಡಿದೆ. ಕೆಂಪು ಮೈ, ಬಾಗಿದ ಬೆನ್ನು. ಹಾಗೆಯೇ ಕಟ್ಟಿದೆ. ಇದು ಸತ್ತ ಸಿಗಡಿ, ಮೀನು ಮೂಸಿಯೂ ನೋಡಲಿಲ್ಲ ಎಂದು ಹೊರದೇಶದಿಂದ ತಿರುಗಿ ಬಂತು. ಅಲ್ಲಿದ್ದವರೆಲ್ಲ ಸಿಗಡಿಯನ್ನೇ ಕಾಣದ, ಬೆಳ್ಳುಳ್ಳಿ ಖಾರಕ್ಕೇ ಖುಷಿಪಡುವ ಸಸ್ಯಾಹಾರಿಗಳು, ನನ್ನ ತಪ್ಪು ಹಿಡಿಯುವವರು ಯಾರಿದ್ದರು?

ಜೀವಂತ ಸಿಗಡಿ ತೋರಿಸಲೆಂದು ಮಾಲೀಕರು ನಮ್ಮಲ್ಲಿ ಮೂವರನ್ನು ಅಂಕೋಲೆಯ ಕಡೆ, ಹೊಳೆ ಕಡಲು ಸೇರುವ ಅಳಿವೆಗೆ ಕರೆದೊಯ್ದರು. ಮನೆಯಲ್ಲಿ ಗೋಕರ್ಣಕ್ಕೆ ಎಂದು ಹೇಳಿ ಹೋದೆ. ಮೀನುಗಾರ ಹೆಂಗಸೊಬ್ಬಳು ನನ್ನ ಬೊಗಸೆಗೆ ನೀರಿನ ಸಮೇತ ಸಿಗಡಿ ಸುರಿದಳು. ಅದು ಕೆಂಪಗೇ ಇರಲಿಲ್ಲ. ನೆನೆಸಿದ ಸಾಬೂದಾಣಿಯ ಹಾಗೆ, ಒಳಗಿನ ಕರುಳೂ ಕಾಣುತ್ತಿತ್ತು. ಹೆಬ್ಬೆರಳು ತಾಗಿಸಿದರೆ ಬಾಲ ಮಡಚಿ ಛಕ್ಕನೆ ಹಿಂದಕ್ಕೆ ಹಾರಿತು. ಹೆದರಿದ ಸಿಗಡಿ ಹಿಂದಕ್ಕೆ ಓಡುತ್ತದೆ ಎಂದು ಅಂದು ತಿಳಿಯಿತು.

ಬಂದವಳೇ ಎಲ್ಲ ತಿರುವು ಮುರುವು ಮಾಡಿದೆ. ತಲೆಯನ್ನು ಕೊಕ್ಕೆಯ ಬಾಗಿನ ಕಡೆಗೆ, ಬಾಲವನ್ನು ದಾರ ಕಟ್ಟುವ ತುದಿಗೆ ಇಟ್ಟೆ. ದಾರ ಎಳೆದರೆ ಅದು ಹಿಂದಕ್ಕೆ ಓಡಬೇಕು. ನೈಲಾನ್ ಎಳೆಯ ತುದಿಯನ್ನು ಮೇಣದಬತ್ತಿಗೆ ಹಿಡಿದು ಕಪ್ಪು ಕಣ್ಣು ಮಾಡಿದೆ. ಮೈಗೆ ಮರಳಿನ ಬಣ್ಣದ ನೂಲು. ಟಬ್ಬಿನಲ್ಲಿ ಬಿಟ್ಟರೆ ಕೊಕ್ಕೆ ತಳಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಮೊನೆ ಮೇಲಾಗುವಂತೆ ಲೋಹದ ಮಣಿ ಕಟ್ಟಿದೆ. ಭಾರವಾಗಿ ದೊಪ್ಪೆಂದು ಬಿದ್ದಿತು. ಬಿಚ್ಚಿ, ಸಣ್ಣ ಮಣಿ ಹುಡುಕಿ ಮತ್ತೆ ಕಟ್ಟಿದೆ. ಕಡೆಗೆ ಪಾಸಾಯಿತು.

ಮಾಲೀಕರು ಪೇಡೆಯ ಡಬ್ಬಿ ಹಿಡಿದುಕೊಂಡು ಮನೆಗೇ ಬಂದರು. "ನಿಮ್ಮ ಸೊಸಿ ಭಾಳ ಶ್ಯಾಣ್ಯಾರ ಅದಾರ್ರಿ. ಅಂಕೋಲಾದಾಗ ಜೀವಂತ ಸಿಗಡಿ ಅಂಗೈಯಾಗ ಹಿಡಕೊಂಡು ನೋಡಿದ್ರು. ಸೋಮವಾರದಿಂದ ಮಾದರಿ ಮೇಜು ಅವರದ."

ಹೊಗಳಿಯೇ ನನ್ನ ಕತ್ತು ಕೊಯ್ದರು ಪುಣ್ಯಾತ್ಮರು. ಅತ್ತೆ ಪೇಡೆಯ ಡಬ್ಬಿಯನ್ನು ಹೊಸ್ತಿಲಾಚೆ ಇಟ್ಟರು. "ಗೋಕರ್ಣಕ್ಕ ಹೋಗ್ತೀನಿ ಅಂದಿದ್ಯಲ್ಲ," ಎಂದರು, ಅಷ್ಟೇ.

ಗಂಡ ಅಲ್ಲೇ ಕುರ್ಚಿಯಲ್ಲಿದ್ದ. ಹುಬ್ಬಳ್ಳಿಯ ಖಾನಾವಳಿಯಲ್ಲಿ ಗೆಳೆಯರ ಜೊತೆ ಹುರಿದ ಮೀನು ತಿಂದು ಬರುತ್ತಿದ್ದವನು. ಆ ವಾಸನೆಯ ಅಂಗಿ ಒಗೆಯುತ್ತಿದ್ದವಳು ನಾನು. ನನ್ನ ಪರವಾಗಿ ಒಂದು ಮಾತು ಆಡಿಯಾನು ಎಂದು ಅವನ ಮುಖ ನೋಡಿದೆ. ಅವನು ಕ್ಯಾಲೆಂಡರ್ ನೋಡುತ್ತ ಹೇಳಿದ: "ನಮ್ಮ ಮನ್ಯಾಗ ಇಂಥಾದ್ದು ನಡ್ಯಾಂಗಿಲ್ರಿ. ನಾಳಿಂದ ಆಕಿ ಬರೂದಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಆ ಉರಿ ಇನ್ನೂ ಆರಿಲ್ಲ. ಮಾದರಿ ಮೇಜಿಗೆ ಬೇರೆಯವಳು ಕುಳಿತಳು. ನನ್ನ ಸಿಗಡಿಯನ್ನು ಅಲ್ಲಿ ವರ್ಷಗಟ್ಟಲೆ ಕಟ್ಟಿದರಂತೆ. ಜೊತೆ ಕೆಲಸ ಮಾಡಿದವಳೊಬ್ಬಳು ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಹೇಳಿದಳು.

ಕೆಲವು ವರ್ಷಗಳ ನಂತರ ಅತ್ತೆ ತೀರಿಕೊಂಡರು. ವರ್ಷಾಂತಿಕವೂ ಆಗಿರಲಿಲ್ಲ, ಒಂದು ಸಂಜೆ ಗಂಡ ಪಾರ್ಸಲ್ ಹಿಡಿದು ಬಂದ. "ಈಗ ಯಾರ ಏನ ಅಂತಾರ? ತಾಟಿಗೆ ಹಾಕು," ಎಂದ.

ಬಿಚ್ಚಿದೆ. ಹುರಿದ ಸಿಗಡಿ. ಕೆಂಪು ಮೈ, ಬಾಗಿದ ಬೆನ್ನು. ಮೀನು ಮೂಸಿಯೂ ನೋಡದ ನನ್ನ ಮೊದಲನೆಯದ್ದು ಥೇಟ್ ಹೀಗೇ ಇತ್ತು.

ತಾಟನ್ನು ಹಿತ್ತಲ ಕಟ್ಟೆಯ ಮೇಲೆ ಇಟ್ಟೆ. "ಇಲ್ಲೇ ತಿನ್ರಿ. ತಿಂದ ಮ್ಯಾಲೆ ಬಚ್ಚಲದಾಗ ಝಳಕಾ ಮಾಡಿ, ಅಂಗಿ ಬದಲಿಸಿ ಒಳಗ ಬರ್ರಿ."

ಚೇಷ್ಟೆ ಎಂದುಕೊಂಡು ಅವನು ನಕ್ಕ. ನಾನು ಒಳಗೆ ಬಂದು ಹಿತ್ತಲ ಬಾಗಿಲಿಗೆ ಚಿಲಕ ಹಾಕಿಕೊಂಡೆ.