ನೆಮ್ಮಾರಿನ ರ

ಅವತ್ತು ಶೃಂಗೇರಿಯ ಟೈಪಿಂಗ್ ಅಂಗಡಿಯಲ್ಲಿ ಇದ್ದವರು ಮೂರೇ ಜನ. ಅಂಗಡಿ ನಡೆಸುವ ಅಕ್ಕ, ಗೃಹಪ್ರವೇಶದ ಪತ್ರಿಕೆ ಮಾಡಿಸಲು ಬಂದಿದ್ದ ನೆಮ್ಮಾರಿನ ಯಜಮಾನರು, ಆಗಷ್ಟೇ ಕೊಪ್ಪದ ಬಸ್ಸಿನಿಂದ ಇಳಿದು ಬಂದ ನಾನು. ಅಕ್ಕ ನನಗೆ ಸಂಬಂಧಿಯಲ್ಲ. ಊರಿಗೆಲ್ಲ ಅಕ್ಕ, ಹಾಗೆ ನನಗೂ.

ಯಜಮಾನರು ಕರಡನ್ನು ಕಣ್ಣಿಗೆ ಹತ್ತಿರ ಹಿಡಿದರು. “ಇದೆಂತ ಮಾರಾಯ್ತಿ, ನಮ್ಮೂರಿನ ರ ಎಲ್ಲಿ ಹೋಯ್ತು?”

“ಅಲ್ಲೇ ಇದ್ಯಲ್ಲ, ನ ಹಿಂದೆ.”

“ಬಾಲದ ಹಾಂಗೆ ಜೋತು ಬಿದ್ದಿದ್ದಾ? ಅದನ್ನ ಓದಿ ನೆಂಟ್ರು ಯಾವ ಊರಿಗೆ ಹೋಗ್ಬೇಕು?”

‘ನೆಮ್ಮಾರ್‌ನಲ್ಲಿ’ ಎಂದಾಗಬೇಕಿದ್ದದ್ದು ‘ನೆಮ್ಮಾರ್ನಲ್ಲಿ’ ಎಂದಾಗಿತ್ತು. ರ ಅರ್ಕಾವತ್ತಾಗಿ ಮುಂದಿನ ಅಕ್ಷರದ ಬೆನ್ನು ಹತ್ತಿತ್ತು.

“ನೆಮ್ಮಾರಿನಲ್ಲಿ ಅಂತ ಹಾಕ್ಲಾ?” ಅಕ್ಕ ಕೇಳಿದರು.

“ಬೋರ್ಡಲ್ಲಿ ರ್ ಅಂತ್ಲೇ ಇದೆ. ನಿನ್ ಕಂಪ್ಯೂಟರಿಗೆ ಬೇಕಾದಂಗೆ ಊರಿನ ಹೆಸ್ರು ಬದಲಾಯ್ಸೂದಾ?”

ಅಕ್ಕ ನನ್ನ ಕಡೆ ತಿರುಗಿದರು. “ಕೇಳು, ನೀ ಹಾಕಿಕೊಟ್ಟಿದ್ದು ಇದು.”

ನಿಜ. ಕನ್ನಡ ಟೈಪ್ ಮಾಡುವ ಆ ತಂತ್ರಾಂಶ ಯಾರೊಬ್ಬರದ್ದೂ ಅಲ್ಲ. ಎಲ್ಲೆಲ್ಲೋ ಇರುವ ನಾಲ್ಕಾರು ಜನ ಬಿಡುವಿನಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು. ಹೊಸ ಬಿಲ್ಡ್, ಅಂದರೆ ತಿದ್ದಿದ ಆವೃತ್ತಿ, ತಯಾರಾದಾಗಲೆಲ್ಲ ಅದು ಬೇರೆ ಬೇರೆ ಬಗೆಯ ಕಂಪ್ಯೂಟರುಗಳಲ್ಲಿ ಓಡುತ್ತದೆಯೇ ಎಂದು ನೋಡಿ ತಿಳಿಸುವುದು ನನ್ನ ಪಾಲಿನ ಕೆಲಸ. ಅದನ್ನು ಬರೆಯುವವರ ಮುಖ ನಾನು ಕಂಡಿಲ್ಲ, ದನಿ ಕೇಳಿಲ್ಲ.

ಕೊಪ್ಪದಲ್ಲಿ ನನ್ನ ಕೋಣೆಯೊಳಗೆ ಮೂರು ಕಂಪ್ಯೂಟರುಗಳಿವೆ. ಒಂದು ವಿಂಡೋಸ್, ಒಂದು ಲಿನಕ್ಸ್, ಇನ್ನೊಂದು ನರಸಿಂಹರಾಜಪುರದಲ್ಲಿ ಮುಚ್ಚಿದ ಸ್ಟುಡಿಯೋದಿಂದ ತಂದ ಮ್ಯಾಕ್. ಮೂರರಲ್ಲೂ ಒಂದೇ ಸಾಲು ಹೊಡೆಯುತ್ತೇನೆ. ಅಜ್ಜಿ ನಾನು ಮನೆಗೆ ಬಂದ ಕೂಡಲೇ ಕೇಳುತ್ತಿದ್ದ ಮಾತು: “ಎಂತ ಮಾಣಿ, ಊಟ ಆಯ್ತಾ?” ಮೂರು ಪರದೆಯ ಮೇಲೂ ಪ್ರಶ್ನೆ ಸರಿಯಾಗಿ ಮೂಡಿದರೆ ಕೆಲಸ ಮುಗಿಯಿತು. ಉತ್ತರ ಹೇಳೋಣವೆಂದರೆ ಅಜ್ಜಿ ಈಗಿಲ್ಲ. ಎಷ್ಟೋ ದಿನ ಆ ಕೋಣೆಯಲ್ಲಿ ಬೇರೆ ಮಾತೇ ಇರುತ್ತಿರಲಿಲ್ಲ.

ಅಕ್ಕನ ಕಂಪ್ಯೂಟರು ಆ ಮೂರಕ್ಕಿಂತಲೂ ಹಳೆಯದು, ಅದರೊಳಗಿನ ವಿಂಡೋಸ್ ಕೂಡ. ಹಳೆಯ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಪ್ರೆಸ್ಸಿನಲ್ಲಿ ತೆರೆಯುತ್ತಿರಲಿಲ್ಲವೆಂದು ನಾನು ಹೊಸ ಬಿಲ್ಡ್ ಹಾಕಿಕೊಟ್ಟಿದ್ದೆ. ಅದೇ ಹೊತ್ತಿಗೆ ತಂತ್ರಾಂಶ ತಯಾರಿಸುವವರು ಎಲ್ಲರಿಗೂ ಬರೆದಿದ್ದರು: ಇಷ್ಟು ಹಳೆಯ ವಿಂಡೋಸಿನಲ್ಲಿ ಪರೀಕ್ಷೆ ಮಾಡುವವರೇ ಇಲ್ಲ, ಈ ಸಲವೂ ಯಾರೂ ಸಿಗದಿದ್ದರೆ ಅದನ್ನು ಕೈಬಿಡುತ್ತೇವೆ. ಕೈಬಿಟ್ಟರೆ ಅಕ್ಕನ ಅಂಗಡಿಯೂ ಮುಚ್ಚಿದ ಹಾಗೆ. ಅವರ ಬೆರಳಿಗೆ ಬೇರೆ ಕೀಲಿಮಣೆ ಬಾರದು, ಆ ಕಂಪ್ಯೂಟರಿಗೆ ಬೇರೆ ವಿಂಡೋಸ್ ಹತ್ತದು.

ಮರುದಿನದಿಂದ ನಾನು ಬಸ್ಸು ಹತ್ತಿ ಬಂದು, ಅಕ್ಕ ಊಟಕ್ಕೆ ಎದ್ದ ಹೊತ್ತಿನಲ್ಲಿ ಅವರ ಕುರ್ಚಿಯಲ್ಲಿ ಕೂರತೊಡಗಿದೆ. ರ ಮುಂದಕ್ಕೆ ಅಂಟದಂತೆ ತಡೆಯಲು ಒಂದು ಕೀಲಿ ಇದೆ. ಅದು ಮೂಡಿಸುವುದು ಕಣ್ಣಿಗೆ ಕಾಣುವುದಿಲ್ಲ. ಆ ಹಳೆಯ ಯಂತ್ರದಲ್ಲಿ ಅದೇ ಸತ್ತಿತ್ತು. ಪರದೆಯ ಚಿತ್ರ ತೆಗೆದು ತಯಾರಿಸುವವರಿಗೆ ಕಳಿಸಿದೆ. ಅವರು ತಿದ್ದಿ ಕಳಿಸಿದರು, ಸರಿಹೋಗಲಿಲ್ಲ. ಮತ್ತೆ ಬರೆದೆ. ‘ಬೇಗಾರ್‌ನಲ್ಲಿ’ ಎಂದು ಹತ್ತಿರದ ಇನ್ನೊಂದು ಊರಿನ ಹೆಸರು ಹೊಡೆದು ನೋಡಿದೆ, ಅಲ್ಲಿಯೂ ರ ಓಡಿಹೋಗಿತ್ತು.

ಕೊನೆಗೊಂದು ಬಿಲ್ಡ್ ಬಂತು. ಹಾಕಿದೆ, ಹೊಡೆದೆ. ರ ಕೂತ ಜಾಗದಲ್ಲೇ ಕೂತಿತು. “ಇಲ್ಲಿ ಸರಿ ಇದೆ” ಎಂದು ಬರೆದೆ. ಹಳೆಯ ವಿಂಡೋಸನ್ನು ಉಳಿಸಿಕೊಳ್ಳುತ್ತೇವೆ ಎಂದು ಉತ್ತರ ಬಂತು. ಅದರ ಕೆಳಗೆ ಇನ್ನೊಂದು ಸಾಲು: “ನೆಮ್ಮಾರ್ ಎಲ್ಲಿದೆ?”

ನನ್ನನ್ನು ಅವರು ಕೆಲಸದ ಆಚೆಗೆ ಕೇಳಿದ ಮೊದಲ ಪ್ರಶ್ನೆ ಅದು. ಉದ್ದಕ್ಕೆ ಬರೆದೆ. ಕಾಡು, ತಿರುವು, ಬಸ್ಸು, ಯಜಮಾನರು ಬೈದದ್ದು, ಎಲ್ಲ. ಅದಕ್ಕೆ ಉತ್ತರ ಬರಲಿಲ್ಲ. ಮುಂದಿನ ಬಿಲ್ಡಿನ ಜೊತೆಗೆ, ಯಂತ್ರ ತಾನೇ ಪರೀಕ್ಷಿಸಿಕೊಳ್ಳುವ ಪದಗಳ ಸಾಲಿನಲ್ಲಿ ‘ನೆಮ್ಮಾರ್‌ನಲ್ಲಿ’ ಸೇರಿತ್ತು. ಇನ್ನು ಅದನ್ನು ನೋಡಲು ನಾನು ಬೇಕಾಗಿರಲಿಲ್ಲ.

ರ ಸರಿಯಾಗಿ ಕೂತ ಪತ್ರಿಕೆ ಅಚ್ಚಾದ ದಿನ ಯಜಮಾನರು ಒಂದನ್ನು ನನಗೂ ಕೊಟ್ಟಿದ್ದರು. ಗೃಹಪ್ರವೇಶಕ್ಕೆ ಹೋದೆ. ಅವರು ನೆಂಟರ ನಡುವೆ ಓಡಾಡುತ್ತಿದ್ದರು. ಊಟದ ಪಂಕ್ತಿಯಲ್ಲಿ ಪಕ್ಕದವರು ಕೇಳಿದರು, “ನೀವು ಯಾರ ಕಡೆಯವ್ರು?”

ಹೆಸರು ಹೇಳಲು ಅಲ್ಲಿ ನನಗೆ ನೆಂಟರಿರಲಿಲ್ಲ. “ಪತ್ರಿಕೆ ಕಡೆಯವನು” ಎಂದೆ.

“ಓ, ಹೌದಾ” ಎಂದು ಅವರು ಸರಿದು, ನನ್ನ ಎಲೆಗೆ ಜಾಗ ಮಾಡಿಕೊಟ್ಟರು.