ನಡು ಸೀಸನಿನಲ್ಲಿ ಬಿಟ್ಟು ಬಂದವನಲ್ಲ ನನ್ನ ತಮ್ಮ

ಕೇರಳದ ಕೋಯಿಕ್ಕೋಡಿಗೆ, ತಮ್ಮನ ಕ್ಲಬ್ಬಿನ ಹಾಸ್ಟೆಲಿಗೆ ಬಂದ ಎರಡನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ, ಎದುರು ಕೋಣೆಯ ಬಾಗಿಲಿನಿಂದ ಒಬ್ಬ ಆಟಗಾರನ ಹೆಸರನ್ನು ಬ್ಲೇಡಿನಲ್ಲಿ ಕೆರೆದು ತೆಗೆಯುತ್ತಿದ್ದರು. ಹಿಂದಿನ ಸಂಜೆಯಷ್ಟೇ ಆ ಹುಡುಗ ನನ್ನ ಚೀಲ ಹೊತ್ತು ಮೂರು ಮಹಡಿ ಹತ್ತಿದ್ದ. ನಮ್ಮಲ್ಲಿ ಸತ್ತವರ ಹೆಸರನ್ನೂ ಇಷ್ಟು ಬೇಗ ಅಳಿಸುವುದಿಲ್ಲ.

"ಎಂತಾಯ್ತಾ ಅವಂಗೆ?" ಎಂದು ತಮ್ಮ ಸಂತುವನ್ನು ಕೇಳಿದೆ.

ಅವನು ಬೂಟಿನ ದಾರ ಕಟ್ಟುತ್ತಾ, "ಎಂತ ಆಯ್ಲಿಲ್ಲೆ ಅಕ್ಕ. ಬೇರೆ ಕ್ಲಬ್ಬಿಗ್ ಹೋದ. ಇಲ್ಲ್ ಹಾಂಗೇ" ಎಂದ.

ನಾವು ಕುಂದಾಪುರದ ಕೋಡಿಯವರು. ಅಪ್ಪಯ್ಯ ಬೋಟಿನ ತಾಂಡೇಲ, ಎಂದರೆ ಕಡಲಲ್ಲಿ ಬೋಟು ನಡೆಸುವ ಯಜಮಾನ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಗೇರುಬೀಜದ ಕಾರ್ಖಾನೆ ಸೇರಿದವಳು. ಸಂತು ಕಡಲ ದಡದ ಹೊಯಿಗೆಯ ಮೇಲೆ ಬರಿಗಾಲಲ್ಲಿ ಓಡಿ ಫುಟ್ಬಾಲ್ ಕಲಿತವನು. ಇಲ್ಲಿಯ ಲೀಗ್ ಹೊಸದು, ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಒಂದು ಕ್ಲಬ್ಬು ಅವನನ್ನು ಆರಿಸಿತು. ಊಟ ಸೇರುವುದಿಲ್ಲ ಎಂದು ಅವನು ಸೊರಗಿದಾಗ ನಾನು ಬಂದೆ. ಕ್ಲಬ್ಬಿನ ಅಡುಗೆಮನೆಯಲ್ಲಿ ನನಗೂ ಕೆಲಸ ಸಿಕ್ಕಿತು.

ಅಡುಗೆಮನೆ ನೋಡಿಕೊಳ್ಳುವವರು ನಫೀಸ ಇತ್ತಾತ್ತ. ಇತ್ತಾತ್ತ ಎಂದರೆ ಇಲ್ಲಿಯ ಮುಸ್ಲಿಮರಲ್ಲಿ ಅಕ್ಕ. ನಮ್ಮ ಬಂಗುಡೆ ಇವರಿಗೆ ಅಯಲ. ಹುಣಸೆಹಣ್ಣಿನ ಬದಲು ಕುಡಂಪುಳಿ ಎಂಬ ಕಪ್ಪು ಹುಳಿ ಹಾಕುತ್ತಾರೆ. ಒಂದು ಶುಕ್ರವಾರ ಅವರು ಊರಿಗೆ ಹೋಗಿದ್ದಾಗ ನಾನು ನಮ್ಮ ಮನೆಯಂತೆ ಮೀನು ಸಾರು ಮಾಡಿದೆ. ಹುಡುಗರು ತಟ್ಟೆ ನೆಕ್ಕಿದರು. ಮೂರು ತಿಂಗಳಲ್ಲಿ ನನ್ನ ಬೆರಳುಗಳ ಗೇರೆಣ್ಣೆಯ ಕಪ್ಪು ಹೋಯಿತು. ಹದಿನೈದು ವರ್ಷಗಳಲ್ಲಿ ಮೊದಲ ಸಲ ನನ್ನ ಕೈ ನನಗೇ ಚಂದ ಕಂಡಿತು. ಈ ಮಾತನ್ನು ಯಾಕೆ ಹೇಳಿದೆನೆಂದು ಮುಂದೆ ತಿಳಿಯುತ್ತದೆ.

ಆ ಸಾರು ಉಂಡವರಲ್ಲಿ ಅರ್ಧದಷ್ಟು ಜನ ಎರಡು ತಿಂಗಳಲ್ಲಿ ಇರಲಿಲ್ಲ. ಚೆನ್ನಾಗಿ ಆಡುವವನನ್ನು ದೊಡ್ಡ ಕ್ಲಬ್ಬು ಒಯ್ಯುತ್ತದೆ, ಇನ್ನೂ ಚೆನ್ನಾಗಿ ಆಡುವವನನ್ನು ಪರದೇಶ ಒಯ್ಯುತ್ತದೆ, ಆಡದವನನ್ನು ಇವರೇ ಕಳಿಸುತ್ತಾರೆ. ನಾನು ಹೆಸರು ಕಲಿಯುವುದನ್ನೇ ಬಿಟ್ಟೆ. ಎರಡು ಮೊಟ್ಟೆಯವನು, ಮಜ್ಜಿಗೆ ಬೇಡದವನು ಎಂದು ನೆನಪಿಟ್ಟುಕೊಂಡೆ. "ಇವಿಡೆ ಆರುಂ ನಿಲ್ಕಿಲ್ಲ ಮೋಳೆ" ಎನ್ನುತ್ತಿದ್ದರು ಇತ್ತಾತ್ತ. ಇಲ್ಲಿ ಯಾರೂ ನಿಲ್ಲುವುದಿಲ್ಲ ಮಗಳೇ ಎಂದು. ಬಾಗಿಲ ಬಳಿ ವ್ಯಾನು ನಿಂತರೆ ಸಾಕು, ಇವತ್ತು ಯಾರು ಎಂದು ಕಿಟಕಿಗೆ ಹೋಗಿ ನೋಡುತ್ತಿದ್ದೆ.

ನಮ್ಮ ಬೋಟಿನ ರೀತಿಯೇ ಬೇರೆ. ಸಮುದ್ರಪೂಜೆ ಮುಗಿದ ಮೇಲೆ ಆಳು ಬೋಟಿನ ಒಡೆಯನ ಕೈಯಿಂದ ಎಲೆ ಅಡಿಕೆ ತೆಗೆದುಕೊಂಡರೆ, ಮಳೆಗಾಲಕ್ಕೆ ಬೋಟು ದಡ ಹತ್ತುವವರೆಗೆ ಅವನು ಆ ಬೋಟಿನವನು. ನಡುವೆ ಬಿಟ್ಟು ಬಂದವನಿಗೆ ಬೇರೆ ಬೋಟು ಸಿಗುವುದಿಲ್ಲ. ಹಾಗೆ ಬಂದ ಸ್ವಂತ ಸೋದರಳಿಯನನ್ನೇ ಅಪ್ಪಯ್ಯ ಬೋಟಿನಿಂದ ಇಳಿಸಿದ್ದನ್ನು ನಾನು ಕಂಡಿದ್ದೇನೆ.

ಜನವರಿಯಲ್ಲಿ ಒಂದು ಆಟದ ಹಿಂದಿನ ದಿನ, ಸಂತು ಫೋನನ್ನು ನನ್ನ ಕೈಯಲ್ಲಿ ಕೊಟ್ಟು ಅಭ್ಯಾಸಕ್ಕೆ ಹೋಗಿದ್ದ. ಮಧ್ಯಾಹ್ನ ಕರೆ ಬಂತು.

"ಹ್ವಾಯ್, ಸಂತುನ ಅಕ್ಕನಾ? ನಾನ್ ಬೈಂದೂರ್ ಬದಿಯವನೇ, ಈಗ ಮುಂಬೈಯಂಗ್ ಇಪ್ದ್."

ಆಟಗಾರರಿಗೆ ಕ್ಲಬ್ಬು ಹುಡುಕಿಕೊಡುವ ಜನ ಅವರು. ಮಲೇಶಿಯಾದ ಒಂದು ಕ್ಲಬ್ಬಿಗೆ ಸಂತು ಬೇಕಂತೆ, ಬಿಟ್ಟುಕೊಡಲು ಇಲ್ಲಿಯವರೂ ಒಪ್ಪಿದ್ದಾರಂತೆ, ಆಟಗಾರರನ್ನು ಬದಲಾಯಿಸುವ ಗಡುವು ಮಾತ್ರ ಅವತ್ತೇ ಮುಗಿಯುತ್ತದಂತೆ.

"ಅವಂಗ್ ಒಂದ್ ಮಾತ್ ಹೇಳ್. ಸಂಜಿ ಒಳ್ಗೆ ಹೂಂ ಅಂದ್ರೆ ಸಾಕ್."

"ಅವ ಈ ಕ್ಲಬ್ಬಿಗ್ ಮಾತ್ ಕೊಟ್ಟಿದ್ದ. ಸೀಸನ್ ಮುಗ್ದ್ ಮೇಲ್ ಕೇಣಿ."

ಅವರು ಜೋರಾಗಿ ನಕ್ಕರು. "ಇದ್ ಬೋಟ್ ಅಂದೇಳಿ ಮಾಡಿದ್ಯಾ ಹೆಣೆ? ಇಲ್ಲ್ ಮಾತ್ ಕೊಡುದ್ ಆಡುವವ ಮಾತ್ರ, ಕ್ಲಬ್ ಅಲ್ಲ."

"ಮಾತ್ ತಪ್ಪುಕಾಗ ನಮ್ ಮನ್ಯಂಗ್" ಎಂದು ಹೇಳಿ ಫೋನ್ ಇಟ್ಟೆ.

ಮೈದಾನ ಹತ್ತು ನಿಮಿಷದ ದಾರಿ. ನಾನು ಹೋಗಲಿಲ್ಲ. ಬೋಟಿನ ನ್ಯಾಯ ನನ್ನ ಬಾಯಲ್ಲಿತ್ತು, ನಿಜ. ಆದರೆ ಸಂತು ಮಲೇಶಿಯಾಕ್ಕೆ ಹೋದರೆ ನಾನು ಮತ್ತೆ ಕಾರ್ಖಾನೆಗೆ, ಮತ್ತೆ ಕಪ್ಪು ಬೆರಳಿಗೆ ಎಂಬ ಯೋಚನೆ ಅದಕ್ಕಿಂತ ಮೊದಲೇ ಬಂದಿತ್ತು. ಸಂಜೆ ಅವನು ಬಂದು, "ಯಾರಾರೂ ಫೋನ್ ಮಾಡಿದ್ರಾ ಅಕ್ಕ?" ಎಂದು ಕೇಳಿದ.

"ಅಪ್ಪಯ್ಯ ಮಾಡಿದ್ರ್" ಎಂದೆ.

ಎರಡು ವಾರ ಕಳೆಯಲಿಲ್ಲ. ಕ್ಲಬ್ಬಿಗೆ ಹೊಸ ಕೋಚ್ ಬಂದ. ಅವನಿಗೆ ಸಂತುವಿನ ಆಟ ಹಿಡಿಸಲಿಲ್ಲ. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಕಳಿಸಿಬಿಟ್ಟರು. ಗಡುವು ಮುಗಿದಿದ್ದರಿಂದ ಆ ಸೀಸನಿನಲ್ಲಿ ಬೇರೆ ಯಾವ ಕ್ಲಬ್ಬಿಗೂ ಅವನು ಹೋಗುವಂತಿರಲಿಲ್ಲ. ಅವನ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬಿದವಳು ನಾನೇ. ಆಗಲೂ ಆ ಕರೆಯ ವಿಷಯ ಹೇಳಲಿಲ್ಲ. "ನಿನ್ ಕೆಲ್ಸ ಇತ್ತಲೆ, ನೀ ಇಲ್ಲೇ ಇರ್" ಎಂದು ಹೇಳಿ ಅವನೊಬ್ಬನೇ ರೈಲು ಹತ್ತಿದ.

ಕೋಡಿಯಲ್ಲಿ ಅವನು, ತನ್ನನ್ನು ತೆಗೆದರು ಎಂದು ಹೇಳಲಿಲ್ಲ. ನಾಚಿಕೆಗೆ, "ನಾನೇ ಬಿಟ್ ಬಂದೆ" ಎಂದ. ಅಷ್ಟೇ ಸಾಕಾಯಿತು. "ಅಲ್ಲ್ ನಡು ಸೀಸನಂಗ್ ಬಿಟ್ಟವ, ನಾಳಿಗ್ ನಮ್ ಬೋಟ್ ಬಿಡ್ದೆ ಇಪ್ಪನಾ?" ಎಂದರಂತೆ ಬೋಟಿನವರು. ಅಪ್ಪಯ್ಯ ಅವನ ಹತ್ತಿರ ಮಾತು ಬಿಟ್ಟಿದ್ದಾರೆ. ಯಾವ ಬೋಟೂ ಸಿಗದೆ ಈಗ ಸಂತು ಒಂದು ಹಳೆಯ ಸಣ್ಣ ದೋಣಿಯಲ್ಲಿ ಒಬ್ಬನೇ ಅಳಿವೆ ದಾಟುತ್ತಿದ್ದಾನೆ. ಹೊಳೆ ಕಡಲಿಗೆ ಸೇರುವ ಆ ಬಾಯಿಯಲ್ಲಿ ನಾಲ್ಕು ಜನರಿದ್ದ ದೋಣಿಯೇ ಮಗುಚಿದ್ದುಂಟು. ಇದನ್ನೆಲ್ಲ ಅಮ್ಮ ಫೋನಿನಲ್ಲಿ ಅಳುತ್ತಾ ಹೇಳಿದಳು.

ಕಳೆದ ಭಾನುವಾರ ಸಂಜೆ ನಾನು ಸಂತುವಿಗೆ ಎಲ್ಲವನ್ನೂ ಹೇಳಿದೆ. ಬೈಂದೂರಿನವರ ಕರೆ, ನಾನು ಕೊಟ್ಟ ಉತ್ತರ, ನನ್ನ ಬೆರಳಿನ ಆಸೆ, ಎಲ್ಲವನ್ನೂ. ಅವನು ಬೈಯಲೆಂದು ಕಾದೆ.

"ಮಳಿ ಹಿಡಿದ್ ಮೇಲ್ ಹೋಪುಕಾಗ ಸಂತು. ಒಬ್ನೇ ಹೋಪುಕಾಗ" ಎಂದು, ಹೋಗಬೇಡವೆಂದು ಬೇಡಿಕೊಂಡೆ.

"ದೋಣಿ ಇಳ್ಸುಕಿತ್ತ್. ಫೋನ್ ಇಡ್ತೆ" ಎಂದ. 'ಅಕ್ಕ' ಎನ್ನಲಿಲ್ಲ. ಆಮೇಲೆ ಫೋನ್ ಎತ್ತಿಲ್ಲ.

ಅದಕ್ಕೇ ಇದನ್ನು ಊರಿನ ಪತ್ರಿಕೆ ಓದುವ ನಿಮಗೆಲ್ಲ ಬರೆಯುತ್ತಿದ್ದೇನೆ. ನನ್ನ ತಮ್ಮ ಮಾತು ತಪ್ಪಿದವನಲ್ಲ. ಅವನನ್ನು ತೆಗೆದರು, ಅವನಿಗಿದ್ದ ದಾರಿಯನ್ನು ನಾನು ಮುಚ್ಚಿದೆ. ಕೋಡಿಯ ಬೋಟಿನವರು ಯಾರಾದರೂ ಇದನ್ನು ಓದಿದರೆ ಅಪ್ಪಯ್ಯನಿಗೂ ಓದಿ ಹೇಳಿ. ಅವನನ್ನು ದಡದಲ್ಲಿ ನಿಲ್ಲಿಸಿ.

ಇಲ್ಲಿಯ ಹೊಸ ಹುಡುಗರು ನನ್ನನ್ನೂ ಇತ್ತಾತ್ತ ಎಂದೇ ಕರೆಯುತ್ತಾರೆ, ನಾನೂ ಓಗೊಡುತ್ತೇನೆ. ಆಟಗಾರ ಹೋದ, ಅವನಿಗೆ ಅನ್ನ ಮಾಡಲು ಬಂದವಳು ಉಳಿದೆ. ಅಲ್ಲಿಗೆ ಬರಲು ಮುಖವಿಲ್ಲ, ಇಲ್ಲಿ ತುತ್ತು ಇಳಿಯುವುದಿಲ್ಲ.

ಇವತ್ತು ಮಧ್ಯಾಹ್ನ ಇಲ್ಲಿ ಮುಂಗಾರು ಮಳೆ ಹಿಡಿಯಿತು. ಅಡುಗೆಮನೆಯವರೆಲ್ಲ ಕಿಟಕಿಗೆ ಬಂದು ಕೈ ಚಾಚಿ ನಕ್ಕರು. ನಾನು ಒಲೆಯ ಹತ್ತಿರವೇ ನಿಂತೆ. ಇಲ್ಲಿ ಹಿಡಿದ ಮಳೆ ಬಡಗಕ್ಕೆ ಹೋಗಿ ಕೋಡಿ ಮುಟ್ಟಲು ಮೂರು ನಾಲ್ಕು ದಿನ ಸಾಕು. ನೀವು ಇದನ್ನು ಓದುವ ಹೊತ್ತಿಗೆ ಅದು ಅಳಿವೆಯ ಮೇಲಿರುತ್ತದೆ.