ವೈವಿಧ್ಯಕ್ಕೊಂದು ಡೊಳ್ಳು

ಇಲ್ಲಿ ಅಮೆರಿಕದಲ್ಲಿ, ಆಯ್ದ ಮಕ್ಕಳನ್ನಷ್ಟೇ ತೆಗೆದುಕೊಳ್ಳುವ ಸರ್ಕಾರಿ ಮ್ಯಾಗ್ನೆಟ್ ಶಾಲೆಗೆ ಮಗಳು ಸೇರಬೇಕಾದರೆ ಅಂಕಗಳಷ್ಟೇ ಸಾಲವು, ವೈವಿಧ್ಯವೂ ಬೇಕು, 'ಡೈವರ್ಸಿಟಿ' ಎಂದರು ಶಾಲೆಯವರು. ವೈವಿಧ್ಯವಂತೆ! ಇಲ್ಲಿನ ನಮ್ಮ ಕನ್ನಡದವರ ಮಕ್ಕಳೆಲ್ಲ ನುಡಿಸುವುದು ವಯೊಲಿನ್. ಅದನ್ನು ಬಿಡಿಸಿ ಅವಳನ್ನು ಡೊಳ್ಳಿನ ಪಾಠಕ್ಕೆ ಹಾಕಿದೆ. ಹಾವೇರಿಯ ಅಜ್ಜನೊಬ್ಬರು ಸಾಂಟಾ ಕ್ಲಾರಾದಲ್ಲಿ ಮಗನ ಗ್ಯಾರೇಜಿನಲ್ಲಿ ಕಲಿಸುತ್ತಿದ್ದರು. "ಯಾರ ಮುಂದೂ ಹೇಳಬ್ಯಾಡ್ರಿ ಮತ್ತ, ಎಲ್ಲಾರೂ ಬಂದ್ಬಿಡ್ತಾರ" ಎಂದು ಅವರೇ ನನ್ನಿಂದ ಆಣೆ ಮಾಡಿಸಿಕೊಂಡರು. ನಾನು ತಂಗಿಗೂ ಹೇಳಲಿಲ್ಲ.

ಸಂದರ್ಶನದ ದಿನ ಶಾಲೆಯ ಪಾರ್ಕಿಂಗಿನಲ್ಲಿ ನಮ್ಮವರ ಕಾರುಗಳ ಡಿಕ್ಕಿಗಳು ತೆರೆದುಕೊಂಡವು. ಒಂದೊಂದರಿಂದಲೂ ಡೊಳ್ಳು ಇಳಿಯಿತು. ಅಜ್ಜ ಎಲ್ಲರಿಂದಲೂ ಆಣೆ ಮಾಡಿಸಿಕೊಂಡಿದ್ದರು. ನಾವು ತಾಯಂದಿರು ಒಬ್ಬರ ಮುಖ ಒಬ್ಬರು ನೋಡದೆ ಡೊಳ್ಳಿನ ಹಗ್ಗ ಬಿಗಿಯತೊಡಗಿದೆವು.

ಡೊಳ್ಳಿನ ಹಿಂದಿನಿಂದ ಮಗಳು ಕೇಳಿದಳು: "ಮಾಮ್, ವಯೊಲಿನ್ ತಂದಿದ್ರೆ ಇವತ್ತು ನಾನೊಬ್ಳೇ ಡೈವರ್ಸ್ ಅಲ್ವಾ?"